ಹೋದವರು ಮತ್ತು ಉಳಿದವರು: ಕೇರಳದ ವಲಸೆಯ ಹಿನ್ನೆಲೆಯಲ್ಲಿ ಕೆಲವು ವಿಚಾರಗಳು

‘ಕೆಟ್ಟು ಪಟ್ಟಣ ಸೇರು’ ಎಂಬ ಗಾದೆ ಕನ್ನಡದಲ್ಲಿ ಬಹು ಹಿಂದಿನಿಂದ ಬಳಕೆಯಲ್ಲಿದೆ. ಬೆಳೆ ಹೋಯಿತು, ಸಾಲ ಏರಿತು, ಕಸುಬನ್ನು ಕೇಳುವವರಿಲ್ಲವಾಯಿತು ಎಂದಾಗ ಊರಿನಲ್ಲಿ ಕುಳಿತು ಕೊರಗಬೇಡ, ಎದ್ದು ಹೊರಡು ಎಂಬುದು ಅದರ ಇಂಗಿತ. ಆದರೆ ನಮ್ಮ ಆಧುನಿಕ ಸಾಹಿತ್ಯ ಎತ್ತಿ ಹಿಡಿದದ್ದು ಬಹುಮಟ್ಟಿಗೆ ಇದಕ್ಕೆ ಎದುರಾದ ಮೌಲ್ಯವನ್ನು. ಶಿವರಾಮ ಕಾರಂತರ ‘ಮರಳಿ ಮಣ್ಣಿಗೆ’ ಕಾದಂಬರಿಯ ರಾಮ ಮದರಾಸು, ಮುಂಬಯಿಗಳನ್ನು ಕಂಡು, ಓದಿದವನ ನಿರುದ್ಯೋಗವೇನೆಂಬುದನ್ನು ಉಂಡು, ಕೊನೆಗೆ ಕಡಲ ತಡಿಯ ತನ್ನ ಹಿರಿಯರ ನೆಲಕ್ಕೆ ಮರಳುತ್ತಾನೆ. ಕನ್ನಡ ವಿಭಾಗಗಳಲ್ಲಿ ಮೂರು ತಲೆಮಾರಿನ ವಿದ್ಯಾರ್ಥಿಗಳು ಈ ಮರಳುವಿಕೆಯನ್ನು ಪರೀಕ್ಷೆಗೆ ಓದಿ ಉತ್ತರ ಬರೆದಿದ್ದಾರೆ. ಬರೆದವರಲ್ಲಿ ಎಷ್ಟೋ ಮಂದಿ ಆಮೇಲೆ ಗಾದೆಯ ಮಾತನ್ನೇ ಪಾಲಿಸಿದರೆಂಬುದು ಬೇರೆ ವಿಷಯ.

ಈ ಎರಡರ ನಡುವಿನ ಪ್ರಶ್ನೆ ಇನ್ನೂ ಹಳತಾಗಿಲ್ಲ. ನಾಡಿನ ಅರ್ಥವ್ಯವಸ್ಥೆ ಕುಸಿಯುತ್ತಿರುವಾಗ ಹೊರದೇಶಕ್ಕೆ ಹೊರಡುವುದು ಸರಿಯೋ, ಇದ್ದಲ್ಲಿಯೇ ಉಳಿದು ಕಷ್ಟವನ್ನು ಕಳೆಯುವುದು ಸರಿಯೋ ಎಂದು ಪದವಿ ಮುಗಿಸಿದವರು ಕೇಳುತ್ತಲೇ ಇದ್ದಾರೆ. ಉತ್ತರ ಹೇಳುವವರು ಸಾಮಾನ್ಯವಾಗಿ ನೀತಿಯನ್ನು ಹೇಳುತ್ತಾರೆ. ಒಬ್ಬರು ಹುಟ್ಟಿದ ನೆಲದ ಋಣವನ್ನು ನೆನಪಿಸುತ್ತಾರೆ. ಇನ್ನೊಬ್ಬರು ಹೊಟ್ಟೆಗೆ ದೇಶವೆಂಬುದಿಲ್ಲ ಎನ್ನುತ್ತಾರೆ. ನೀತಿಯನ್ನು ತುಸು ಬದಿಗಿಟ್ಟು ಅನುಭವವನ್ನು ಕೇಳುವುದಾದರೆ ನಾವು ನೋಡಬೇಕಾದ ನಾಡು ಕೇರಳ. ಅದು ನಮ್ಮ ನೆರೆಯದು; ಅದರ ಬಡಗಣ ತುದಿಯ ಕಾಸರಗೋಡಿನಲ್ಲಿ ಕನ್ನಡ ಇಂದಿಗೂ ಮನೆಯ ಮಾತು, ಶಾಲೆಯ ಮಾತು. ಕಳೆದ ನೂರು ವರ್ಷಗಳಲ್ಲಿ ಆ ನಾಡು ಈ ಪ್ರಶ್ನೆಯನ್ನು ಮತ್ತೆ ಮತ್ತೆ ಎದುರಿಸಿದೆ. ಬೇರೆಡೆ ಯಾರೂ ಇಡದಷ್ಟು ಶ್ರದ್ಧೆಯಿಂದ ಹೋದವರ, ಬಂದವರ ಲೆಕ್ಕವನ್ನೂ ಇಟ್ಟಿದೆ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಹೋಗುವುದು ಮತ್ತು ಉಳಿಯುವುದು ಇಬ್ಬರು ಬೇರೆ ಬೇರೆ ವ್ಯಕ್ತಿಗಳ ಎರಡು ಬೇರೆ ನಿರ್ಧಾರಗಳೆಂದು ತಿಳಿಯುವುದರಲ್ಲಿಯೇ ನಾವು ಎಡವುತ್ತೇವೆ. ಒಂದು ಮನೆಯಿಂದ ಒಬ್ಬನು ಹೋಗಬಲ್ಲನಾದರೆ ಅದು ಇನ್ನೊಬ್ಬರು ಉಳಿದಿರುವುದರಿಂದ. ಆದ್ದರಿಂದ ಒಂದು ವಲಸೆಯ ಸರಿತಪ್ಪನ್ನು ಹೋದವನ ಸಂಬಳದಿಂದ ಅಳೆಯಲಾಗದು. ಅವನು ಹೋದದ್ದರಿಂದ ಉಳಿದವರ ನೆಲೆ ಗಟ್ಟಿಯಾಯಿತೋ ಸಡಿಲವಾಯಿತೋ ಎಂಬುದರಿಂದ ಅಳೆಯಬೇಕು. ಹೀಗೆ ಅಳೆದರೆ ನಿನ್ನೆಯ ಗಲ್ಫ್ ವಲಸೆಗೂ ಇಂದು ಕೊಚ್ಚಿಯಿಂದ ಹೊರಡುತ್ತಿರುವ ವಿದ್ಯಾರ್ಥಿಗಳ ವಲಸೆಗೂ ಬಹಳ ಅಂತರ ಕಾಣುತ್ತದೆ. ಮೊದಲನೆಯದನ್ನು ಅದರ ಎಲ್ಲ ಕ್ರೌರ್ಯದೊಡನೆ ನಾನು ಸಮರ್ಥಿಸಬಲ್ಲೆ. ಎರಡನೆಯದರ ಬಗ್ಗೆ ನನಗೆ ಆತಂಕವಿದೆ.

ಕೇರಳದ ವಲಸೆ ಎಂದೊಡನೆ ಗಲ್ಫ್ ನೆನಪಾಗುವುದು ಸಹಜ. ಆದರೆ ಅದಕ್ಕೆ ಮುಂಚಿನ ಅಧ್ಯಾಯವೊಂದನ್ನು ಬಿಟ್ಟರೆ ಮುಂದಿನದು ಅರ್ಥವಾಗುವುದಿಲ್ಲ. ಇಪ್ಪತ್ತನೆಯ ಶತಮಾನದ ಮೊದಲರ್ಧದಲ್ಲಿ ತಿರುವನಂತಪುರವನ್ನು ರಾಜಧಾನಿಯಾಗಿ ಹೊಂದಿದ್ದ ತಿರುವಾಂಕೂರು, ತೆಂಗು, ಕಾಳುಮೆಣಸು, ರಬ್ಬರು, ಚಹಾಗಳನ್ನು ಹೊರಗೆ ಕಳುಹಿಸಿ ಅಕ್ಕಿಯನ್ನು ಹೊರಗಿನಿಂದ, ಅದರಲ್ಲೂ ಬರ್ಮಾದಿಂದ, ತರಿಸಿಕೊಂಡು ಉಣ್ಣುತ್ತಿದ್ದ ಸಂಸ್ಥಾನ. 1930ರ ಸುಮಾರಿನ ಜಾಗತಿಕ ಮುಗ್ಗಟ್ಟಿನಲ್ಲಿ ಈ ಬೆಳೆಗಳ ಬೆಲೆ ನೆಲಕಚ್ಚಿತು. 1938ರಲ್ಲಿ, ಸಿ. ಪಿ. ರಾಮಸ್ವಾಮಿ ಅಯ್ಯರ್ ದಿವಾನರಾಗಿದ್ದಾಗ, ಟ್ರಾವಂಕೂರ್ ನ್ಯಾಷನಲ್ ಅಂಡ್ ಕ್ವಿಲಾನ್ ಬ್ಯಾಂಕು ಕುಸಿಯಿತು. ಅದಕ್ಕೆ ದಿವಾನರ ರಾಜಕೀಯ ಹಗೆತನ ಎಷ್ಟು ಕಾರಣ, ಬ್ಯಾಂಕಿನ ವ್ಯವಹಾರ ಎಷ್ಟು ಕಾರಣ ಎಂಬ ವಾಗ್ವಾದ ಇಲ್ಲಿ ಬೇಡ; ಠೇವಣಿ ಇಟ್ಟಿದ್ದವರ ಪಾಲಿಗೆ ಎರಡೂ ಒಂದೇ. 1942ರಲ್ಲಿ ಜಪಾನೀಯರು ಬರ್ಮಾವನ್ನು ಹಿಡಿದೊಡನೆ ಅಕ್ಕಿಯ ಹಡಗುಗಳೂ ನಿಂತವು. (ಅದೇ ದಶಕಗಳಲ್ಲಿ ನಮ್ಮ ದಕ್ಷಿಣ ಕನ್ನಡ ಬ್ಯಾಂಕುಗಳನ್ನು ಹೆತ್ತು ಸಾಕಿದ ಜಿಲ್ಲೆಯೆನಿಸಿಕೊಂಡಿತೆಂಬುದನ್ನು ನೆನೆದರೆ, ಒಂದೇ ಕರಾವಳಿಯ ಎರಡು ತುದಿಗಳ ಅದೃಷ್ಟ ಎಷ್ಟು ಬೇರೆಯಾಗಿತ್ತೆಂದು ಅಚ್ಚರಿಯಾಗುತ್ತದೆ.)

ಆಗ ಮಧ್ಯ ತಿರುವಾಂಕೂರಿನ ಸಣ್ಣ ರೈತರು, ಅವರಲ್ಲಿ ಹೆಚ್ಚಿನವರು ಸಿರಿಯನ್ ಕ್ರೈಸ್ತರು, ಇದ್ದ ತುಂಡು ಭೂಮಿಯನ್ನು ಮಾರಿ, ಅದೇ ಹಣಕ್ಕೆ ಹಲವು ಪಟ್ಟು ನೆಲ ಸಿಗುತ್ತಿದ್ದ ಮಲಬಾರಿನ ಕಾಡುಗುಡ್ಡಗಳಿಗೆ ಹೊರಟರು. ಮಲಬಾರು ಅಂದು ಮದರಾಸು ಪ್ರಾಂತ್ಯಕ್ಕೆ ಸೇರಿದ ಬ್ರಿಟಿಷ್ ಸೀಮೆ. ಸಂಸ್ಥಾನದ ಪ್ರಜೆಗೆ ಅದೂ ಪರನಾಡೇ. ವಯನಾಡಿನ ಮಲೇರಿಯಾ, ಕಾಡುಹಂದಿ, ಸಾಲಗಳ ನಡುವೆ ಅವರು ಪಟ್ಟ ಪಾಡನ್ನು ಎಸ್. ಕೆ. ಪೊಟ್ಟೆಕ್ಕಾಟ್ ಅವರು ‘ವಿಷಕನ್ಯಕ’ ಕಾದಂಬರಿಯಲ್ಲಿ ಚಿತ್ರಿಸಿದ್ದಾರೆ. ಅಲ್ಲಿ ವಿಷಕನ್ಯೆಯೆಂದರೆ ಆಸೆ ತೋರಿಸಿ ಕರೆದು ಕೊಲ್ಲುವ ಆ ನೆಲವೇ. ಈ ವಲಸೆ ಮುಂದೆ ನಮ್ಮ ಘಟ್ಟದ ತಪ್ಪಲಿನವರೆಗೂ ಬಂದಿತು. ಬೆಳ್ತಂಗಡಿ, ಸುಳ್ಯಗಳ ಕಡೆಯ ರಬ್ಬರು ತೋಟಗಳ ನಡುವೆ ಮಲಯಾಳ ಮಾತು ಕೇಳಿದಾಗ ಅದರ ಹಿಂದೆ ತಿರುವಾಂಕೂರಿನ ಈ ಕಥೆಯಿದೆಯೆಂಬುದು ನಮ್ಮಲ್ಲಿ ಹಲವರಿಗೆ ಹೊಳೆಯುವುದಿಲ್ಲ.

ಇಲ್ಲಿ ನಾವು ಕೇಳಬೇಕಾದ ಪ್ರಶ್ನೆ ಯಾರು ಹೋಗಲಿಲ್ಲ ಎಂಬುದು. ಮಾರಲು ಒಂದಿಷ್ಟು ನೆಲವಿದ್ದವನು ಹೋದನು. ಇನ್ನೊಬ್ಬರ ಗದ್ದೆಯಲ್ಲಿ ದುಡಿಯುತ್ತಿದ್ದ ದಲಿತರು, ಆಲಪ್ಪುಳದ ನಾರಿನ ಕಾರ್ಖಾನೆಯ ಕೂಲಿಗಳು, ಕಡಲ ತಡಿಯ ಮೀನುಗಾರರು ಉಳಿದರು. ಅಕ್ಕಿಯಿಲ್ಲದ ಆ ವರ್ಷಗಳನ್ನು ಮರಗೆಣಸು ತಿಂದು ಕಳೆದರು. ಕಳೆಯಲಾಗದೆ ಸತ್ತವರೂ ಇದ್ದರು. ಉಳಿಯುವುದು ಅವರ ಪಾಲಿಗೆ ದೇಶಪ್ರೇಮವೂ ಆಗಿರಲಿಲ್ಲ, ಅಂಜಿಕೆಯೂ ಆಗಿರಲಿಲ್ಲ. ಹೋಗುವುದೋ ಉಳಿಯುವುದೋ ಎಂದು ಕುಳಿತು ಚರ್ಚಿಸುವುದಕ್ಕೇ ಒಂದಿಷ್ಟು ಬಂಡವಾಳ ಬೇಕು. ಗಲ್ಫ್ ವಲಸೆಯಲ್ಲಿಯೂ ಪರಿಶಿಷ್ಟ ಜಾತಿ, ಪಂಗಡಗಳವರ ಪಾಲು ಅವರ ಜನಸಂಖ್ಯೆಗೆ ಹೋಲಿಸಿದರೆ ತೀರ ಕಡಿಮೆ ಎಂದು ಮುಂದಿನ ಸಮೀಕ್ಷೆಗಳು ತೋರಿಸಿದುವು. ಹೋದವನನ್ನು ದ್ರೋಹಿಯೆಂದೋ ಉಳಿದವನನ್ನು ಸೋಮಾರಿಯೆಂದೋ ಕರೆಯುವ ಮಾತುಗಳೆಲ್ಲ ಈ ಸಂಗತಿಯೆದುರು ಹಗುರವಾಗುತ್ತವೆ.

ಸ್ವಾತಂತ್ರ್ಯಾನಂತರದ ಎರಡು ದಶಕಗಳಲ್ಲಿ ಕೇರಳದ ಸ್ಥಿತಿ ಹೆಚ್ಚು ಸುಧಾರಿಸಲಿಲ್ಲ. 1960ರಲ್ಲಿ ಪಾಲಾಯಿ ಸೆಂಟ್ರಲ್ ಬ್ಯಾಂಕು ಮುಚ್ಚಿತು. 1960ರ ದಶಕದ ನಡುವೆ ಮತ್ತೆ ಅಕ್ಕಿಯ ಅಭಾವ, ಪಡಿತರದ ಸಾಲು. ಶಾಲೆಗಳು ಹೆಚ್ಚಿದುವು, ಓದಿದವರು ಹೆಚ್ಚಿದರು, ಉದ್ಯೋಗ ಹೆಚ್ಚಲಿಲ್ಲ. 1973ರಲ್ಲಿ ತೈಲದ ಬೆಲೆ ಏರಿ ಅರಬ್ ದೇಶಗಳಲ್ಲಿ ಕಟ್ಟಡ, ರಸ್ತೆ, ಬಂದರುಗಳ ಕೆಲಸ ಒಮ್ಮೆಲೆ ಹಬ್ಬಿದಾಗ ಕೇರಳದ ಯುವಕರು ಹೊರಟರು. ಅದಕ್ಕೆ ಮೊದಲೇ ಲಾಂಚುಗಳಲ್ಲಿ ಕಳ್ಳದಾರಿಯಿಂದ ಹೋಗಿ, ಖೋರ್‌ಫಕ್ಕಾನಿನ ತೀರಕ್ಕೆ ತುಸು ದೂರದಲ್ಲಿಯೇ ನೀರಿಗಿಳಿದು ಈಜಿ ದಡ ಸೇರಿದವರ ಕಥೆಗಳು ಇಂದಿಗೂ ಮಲಬಾರಿನಲ್ಲಿ ಕೇಳಸಿಗುತ್ತವೆ. ದಡ ಸೇರದವರ ಕಥೆಯನ್ನು ಹೇಳುವವರಿಲ್ಲ.

ಈ ವಲಸೆಯ ಲೆಕ್ಕ ಇಟ್ಟವರಲ್ಲಿ ಮೊದಲು ನೆನೆಯಬೇಕಾದದ್ದು ತಿರುವನಂತಪುರದ ಅಭಿವೃದ್ಧಿ ಅಧ್ಯಯನ ಕೇಂದ್ರವನ್ನು. ಕೆ. ಎನ್. ರಾಜ್ ಅವರು 1970ರ ದಶಕದ ಆರಂಭದಲ್ಲಿ ಕಟ್ಟಿ ಬೆಳೆಸಿದ ಸಂಸ್ಥೆಯಿದು. ಲಾರಿ ಬೇಕರ್ ಗಾರೆ ಬಳಿಯದ ಇಟ್ಟಿಗೆಯಲ್ಲಿ ಕಟ್ಟಿದ ಅದರ ಆವರಣವನ್ನು ನೋಡಲೆಂದೇ ಹೋಗುವವರಿದ್ದಾರೆ. ಒಳಗೆ ನಡೆದ ಕೆಲಸವನ್ನೂ ನೋಡಬೇಕು. ಕೆ. ಸಿ. ಝಕರಿಯಾ, ಎಸ್. ಇರುದಯ ರಾಜನ್ ಮತ್ತು ಸಂಗಡಿಗರು 1998ರಲ್ಲಿ ಮನೆಮನೆಗೆ ಹೋಗಿ ಕೇರಳ ವಲಸೆ ಸಮೀಕ್ಷೆಯನ್ನು ಆರಂಭಿಸಿದರು. ಆ ವರ್ಷ ಹೊರದೇಶದಲ್ಲಿದ್ದ ಕೇರಳೀಯರು ಸುಮಾರು 13.6 ಲಕ್ಷ. 2008ರಲ್ಲಿ ಸುಮಾರು 22 ಲಕ್ಷ, 2014ರಲ್ಲಿ ಸುಮಾರು 24 ಲಕ್ಷ. 2018ರಲ್ಲಿ ಈ ಸಂಖ್ಯೆ ಮೊದಲ ಬಾರಿಗೆ ಇಳಿದು 21 ಲಕ್ಷದ ಆಸುಪಾಸಿಗೆ ಬಂದಿತು. ಇದೇ ಸರಣಿಯ 2023ರ ಸಮೀಕ್ಷೆ ಸುಮಾರು 22 ಲಕ್ಷ ಎನ್ನುತ್ತದೆ.

ಗಲ್ಫ್ ದೇಶಗಳು ಇವರ ದುಡಿಮೆಯನ್ನು ಕೊಂಡವು, ಇವರನ್ನು ತಮ್ಮವರೆಂದು ಎಣಿಸಲಿಲ್ಲ. ಎಷ್ಟು ವರ್ಷ ದುಡಿದರೂ ಪೌರತ್ವವಿಲ್ಲ. ಪ್ರಾಯೋಜಕನ ಹಿಡಿತದಲ್ಲಿ ಪಾಸ್‌ಪೋರ್ಟು. ಕೆಲಸ ಮುಗಿದರೆ ವಿಸಾ ಮುಗಿಯಿತು. ಬೆನ್ಯಾಮಿನ್ ಅವರ ‘ಆಡುಜೀವಿತಂ’ ಓದಿದವರಿಗೆ ಈ ಬಂಧನದ ಕೊನೆಯ ಅಂಚು ಎಲ್ಲಿಯವರೆಗೆ ಚಾಚಿತ್ತೆಂಬುದು ಗೊತ್ತು. ಆದರೆ ಈ ನಿರ್ದಯ ನಿಯಮದಿಂದಲೇ ಯಾರೂ ಎಣಿಸದ ಫಲವೊಂದು ದೊರೆಯಿತು. ಮರಳಲೇಬೇಕೆಂದು ಮೊದಲ ದಿನದಿಂದಲೇ ತಿಳಿದಿದ್ದ ಮನುಷ್ಯ ಊರಿನ ಮನೆಯನ್ನು ಬಿಟ್ಟುಕೊಡಲಿಲ್ಲ. ಹಣ ತಿಂಗಳು ತಿಂಗಳೂ ಮನೆಗೆ ಬಂದಿತು. ಮೊದಲು ವಿಸಾದ ಸಾಲ ತೀರಿತು, ಆಮೇಲೆ ಅಡವಿನ ಒಡವೆ ಬಿಡಿಸಿದ್ದಾಯಿತು, ತಂಗಿಯ ಮದುವೆ, ತಮ್ಮನ ಓದು, ಹೆಂಚಿನ ಮನೆಯ ಜಾಗದಲ್ಲಿ ಕಾಂಕ್ರೀಟಿನ ಮನೆ. 1990ರ ದಶಕದಲ್ಲಿ ಹೀಗೆ ಬಂದ ಹಣ ರಾಜ್ಯದ ಒಟ್ಟು ಉತ್ಪನ್ನದ ಸುಮಾರು ಐದನೆಯ ಒಂದು ಪಾಲಿನಷ್ಟಿತ್ತು. ಒಳಗಿನ ಉತ್ಪಾದನೆ ನಿಂತ ನೀರಾಗಿದ್ದ ಕಾಲದಲ್ಲಿ ಕೇರಳದ ಮನೆಗಳ ಒಲೆ ಆರದಂತೆ ನೋಡಿಕೊಂಡದ್ದು ಈ ಹಣ. ಅದರಲ್ಲಿ ಆಡಂಬರಕ್ಕೆ ಹೋದದ್ದೂ ಬಹಳ ಎಂಬ ಆಕ್ಷೇಪಣೆ ನಿಜ. ಆದರೆ ಮೂವತ್ತು ವರ್ಷ ಒಂದು ಕೋಣೆಯಲ್ಲಿ ಎಂಟು ಜನರೊಡನೆ ಮಲಗಿದವನು ಊರಿನಲ್ಲಿ ಅಗತ್ಯಕ್ಕಿಂತ ಎರಡು ಕೋಣೆ ಹೆಚ್ಚಾಗಿ ಕಟ್ಟಿಸಿದನೆಂದು ಅರ್ಥಶಾಸ್ತ್ರಜ್ಞರು ಅವನನ್ನು ಬೈಯುವುದು ನನಗೆ ಹಿಡಿಸುವುದಿಲ್ಲ.

ಇನ್ನು ಉಳಿದವರು. ತಿರುವನಂತಪುರದ ಇದೇ ಕೇಂದ್ರದಲ್ಲಿದ್ದ ಲೀಲಾ ಗುಲಾಟಿ ಅವರು ಗಂಡಸರು ಗಲ್ಫಿಗೆ ಹೋದ ಮನೆಗಳ ಹೆಂಗಸರನ್ನು ಕುರಿತು ಬರೆದ ಪುಸ್ತಕ 1993ರಲ್ಲಿ ಪ್ರಕಟವಾಯಿತು. ಬ್ಯಾಂಕಿನ ಮೆಟ್ಟಿಲು ಹತ್ತದ ಹೆಂಗಸು ಖಾತೆ ತೆರೆದದ್ದು, ಮೇಸ್ತ್ರಿಯೊಡನೆ ಚೌಕಾಸಿ ಮಾಡಿದ್ದು, ಮಕ್ಕಳ ಶಾಲೆಯನ್ನು ತಾನೇ ಆರಿಸಿದ್ದು, ಇದರೊಡನೆಯೇ ಅತ್ತೆಮನೆಯ ಕಣ್ಗಾವಲು, ಒಂಟಿತನ, ಮನಸ್ಸಿನ ಬೇನೆ ಎಲ್ಲವೂ ಈ ಬಗೆಯ ಮನೆಗಳ ಕಥೆಯಲ್ಲಿವೆ. 1998ರ ಸಮೀಕ್ಷೆಯ ಪ್ರಕಾರ ಗಂಡಂದಿರು ದೂರವಿದ್ದ ವಿವಾಹಿತೆಯರು ಕೇರಳದಲ್ಲಿ ಸುಮಾರು 10 ಲಕ್ಷ. ಹೋದವನು ಕೊಟ್ಟ ಬೆಲೆಯನ್ನು ಚಲನಚಿತ್ರಗಳು ತೋರಿಸಿವೆ. ಉಳಿದವಳು ಕೊಟ್ಟ ಬೆಲೆಯನ್ನು ಮಲಯಾಳದ ಮಾಪ್ಪಿಳ ಹಾಡುಗಳು ಬಲ್ಲವು: ಎಸ್. ಎ. ಜಮೀಲ್ ಅವರ ‘ದುಬಾಯಿ ಕತ್ತು ಪಾಟ್ಟು’, ಎಂದರೆ ದುಬಾಯಿಗೆ ಬರೆದ ಓಲೆಯ ಹಾಡು, 1970ರ ದಶಕದಿಂದ ಕ್ಯಾಸೆಟ್ಟುಗಳಲ್ಲಿ ಮನೆಮನೆ ತಿರುಗಿತು.

ಇಲ್ಲಿ ಒಂದು ಪದದ ವಿಚಾರ. ಮಲಯಾಳದಲ್ಲಿ ‘ಪ್ರವಾಸಿ’ ಎಂದರೆ ದುಡಿಮೆಗಾಗಿ ಹೊರನಾಡಿನಲ್ಲಿ ನೆಲಸಿದವನು. ಕನ್ನಡದಲ್ಲಿ ಅದೇ ಪದ ಊರು ನೋಡಲು ಹೊರಟವನನ್ನು ಸೂಚಿಸುತ್ತದೆ. ಸಂಸ್ಕೃತದ ‘ಪ್ರವಾಸ’ಕ್ಕೆ ಮನೆಯಿಂದ ದೂರ ವಾಸಿಸುವುದೆಂಬ ಅರ್ಥವಿದೆ; ಕಾವ್ಯಮೀಮಾಂಸೆಯಲ್ಲಿ ವಿಪ್ರಲಂಭ ಶೃಂಗಾರದ ಒಂದು ಬಗೆಗೂ ಅದೇ ಹೆಸರು. ಮಲಯಾಳ ಆ ಅರ್ಥವನ್ನು ಉಳಿಸಿಕೊಂಡಿತು, ನಾವು ಅದನ್ನು ಪ್ರವಾಸೋದ್ಯಮ ಇಲಾಖೆಗೆ ಒಪ್ಪಿಸಿದೆವು. ಕೇರಳ ಸರಕಾರ ಪ್ರವಾಸಿ ಕೇರಳೀಯರಿಗೆಂದೇ 1996ರಲ್ಲಿ ‘ನೋರ್ಕ’ ಎಂಬ ಪ್ರತ್ಯೇಕ ಇಲಾಖೆಯನ್ನು ತೆರೆಯಿತು. 2018ರ ಜನವರಿಯಲ್ಲಿ ತಿರುವನಂತಪುರದಲ್ಲಿ ಲೋಕ ಕೇರಳ ಸಭೆಯನ್ನು ಮೊದಲ ಬಾರಿ ಕೂಡಿಸಿತು. ಇವುಗಳಿಂದ ಬಡ ಪ್ರವಾಸಿಗೆ ಎಷ್ಟು ಪ್ರಯೋಜನವಾಯಿತೆಂಬುದರ ಬಗ್ಗೆ ಅಲ್ಲಿಯೇ ಟೀಕೆಯಿದೆ. ಆದರೂ ಹೋದವನು ನಮ್ಮ ಲೆಕ್ಕದಲ್ಲಿದ್ದಾನೆ ಎಂದು ಒಂದು ಸರಕಾರ ಒಪ್ಪಿಕೊಂಡದ್ದು ಸಣ್ಣ ಸಂಗತಿಯಲ್ಲ.

ಹೋಗುವವರು ಸಾಮಾನ್ಯವಾಗಿ ಮರೆಯುವ ಮಾತೊಂದಿದೆ. ಕುಸಿತಕ್ಕೂ ವಿಸಾ ಬೇಕಿಲ್ಲ. ಅದು ನಾವು ಹೋದಲ್ಲಿಗೆ ಬರುತ್ತದೆ. 1990ರ ಆಗಸ್ಟ್ 2ರಂದು ಇರಾಕ್ ಕುವೈತಿನ ಮೇಲೆ ಏರಿ ಹೋಯಿತು. ಮರುದಿನದಿಂದ ಕುವೈತಿನ ದಿನಾರು ಕೈಯಲ್ಲಿದ್ದರೂ ಕಾಗದವಾಯಿತು. ಒಂದು ಲಕ್ಷಕ್ಕೂ ಮಿಕ್ಕ ಭಾರತೀಯರು, ಅವರಲ್ಲಿ ಬಹಳಷ್ಟು ಕೇರಳೀಯರು, ಮರುಭೂಮಿ ದಾಟಿ ಜೋರ್ಡಾನಿನ ಅಮ್ಮಾನ್ ಸೇರಿ ಅಲ್ಲಿಂದ ಏರ್ ಇಂಡಿಯಾ ವಿಮಾನಗಳಲ್ಲಿ ಬರಿಗೈಯಲ್ಲಿ ಮರಳಿದರು. ಅವರು ಮರಳಿದ ದೇಶವಾದರೂ ಹೇಗಿತ್ತು? ತೈಲದ ಬೆಲೆ ಏರಿ, ಗಲ್ಫಿನಿಂದ ಬರುತ್ತಿದ್ದ ಹಣ ಕುಗ್ಗಿ, ಅನಿವಾಸಿಗಳು ಠೇವಣಿಗಳನ್ನು ಹಿಂತೆಗೆದುಕೊಂಡು, 1991ರ ನಡುವಿಗೆ ಭಾರತದ ವಿದೇಶೀ ವಿನಿಮಯದ ಸಂಗ್ರಹ ಕೆಲವೇ ವಾರಗಳ ಆಮದಿಗೆ ಸಾಲುವಷ್ಟಕ್ಕೆ ಇಳಿದಿತ್ತು. ಆ ಜುಲೈ ತಿಂಗಳಲ್ಲಿ ರೂಪಾಯಿಯ ಬೆಲೆಯನ್ನು ಎರಡು ಸಲ ಇಳಿಸಲಾಯಿತು. ರಿಸರ್ವ್ ಬ್ಯಾಂಕು ಸುಮಾರು 47 ಟನ್ ಚಿನ್ನವನ್ನು ವಿಮಾನದಲ್ಲಿ ಇಂಗ್ಲೆಂಡಿಗೆ ಕಳುಹಿಸಿ ಸಾಲ ತಂದಿತು. ದೇಶದ ಮಾನ ಹೋಯಿತೆಂದು ಪತ್ರಿಕೆಗಳು ಬರೆದವು. ಮಗನ ವಿಸಾಕ್ಕೆ ಕುತ್ತಿಗೆಯ ಸರವನ್ನು ಅಡವಿಟ್ಟ ಕೇರಳದ ತಾಯಂದಿರಿಗೆ ಈ ವ್ಯವಹಾರ ಹೊಸದೇನೂ ಆಗಿರಲಿಲ್ಲ. ಮರಳಿದವರಲ್ಲಿ ಅನೇಕರು ಒಂದೆರಡು ವರ್ಷಗಳಲ್ಲಿ ಪುನಃ ಹೊರಟರು. ಆ ಒಂದೆರಡು ವರ್ಷ ಅವರನ್ನು ಹಿಡಿದು ನಿಲ್ಲಿಸಿದ್ದು ಏನು? ಉಳಿದವರು ಉಳಿಸಿಕೊಂಡಿದ್ದ ಮನೆ, ಹಿತ್ತಲಿನ ತೆಂಗು, ಪಡಿತರದ ಅಕ್ಕಿ, ಸರಕಾರಿ ಶಾಲೆ ಮತ್ತು ಆಸ್ಪತ್ರೆ.

ಕೊಚ್ಚಿಯ ನೆಡುಂಬಾಶ್ಶೇರಿ ವಿಮಾನನಿಲ್ದಾಣ ಈ ಇಡೀ ಚರಿತ್ರೆಯ ಸಾಕ್ಷಿ. ಸಾವಿರಾರು ಪ್ರವಾಸಿಗಳು ಹಾಕಿದ ಬಂಡವಾಳವೂ ಸೇರಿ ಕಟ್ಟಿದ ಈ ನಿಲ್ದಾಣ 1999ರಲ್ಲಿ ತೆರೆಯಿತು. ಹೊರಡುವವರ ಅನುಕೂಲಕ್ಕೆಂದು ಕಟ್ಟಿದ್ದರೂ ನಾಡಿನ ನೆನಪಿನಲ್ಲಿ ಅದು ಉಳಿದಿರುವುದು ಮರಳಿದವರಿಂದ. 2014ರ ಜುಲೈ 5ರಂದು ಯುದ್ಧಗ್ರಸ್ತ ಇರಾಕಿನಿಂದ ಬಿಡುಗಡೆಗೊಂಡ 46 ದಾದಿಯರು ಇಳಿದದ್ದು ಇಲ್ಲಿ. ಅವರಲ್ಲಿ ಕೆಲವರು ಓದಿನ ಸಾಲ ತೀರಿಲ್ಲದ್ದರಿಂದ ಮತ್ತೆ ಹೊರದೇಶಕ್ಕೆ ಹೋಗಲೇಬೇಕೆಂದು ಹೇಳಿದ್ದು ಆಗ ವರದಿಯಾಗಿತ್ತು. 2020ರ ಮೇ 7ರ ರಾತ್ರಿ, ಮಹಾಮಾರಿಯ ನಡುವೆ, ಅಬುಧಾಬಿಯಿಂದ ಬಂದ ಮೊದಲ ವಿಮಾನ ಇಳಿದದ್ದೂ ಇಲ್ಲಿಯೇ. ಮೂರು ದಿನಗಳ ಬಳಿಕ ನೌಕಾಪಡೆಯ ಜಲಾಶ್ವ ಹಡಗು ಮಾಲ್ಡೀವ್ಸಿನಿಂದ 698 ಮಂದಿಯನ್ನು ಹೊತ್ತು ಕೊಚ್ಚಿ ಬಂದರಿಗೆ ಬಂದಿತು.

ಇದೇ ಕೊಚ್ಚಿಗೆ ಇನ್ನೊಂದು ದಿಕ್ಕಿನಿಂದ ಬರುವವರೂ ಇದ್ದಾರೆ. ನಗರಕ್ಕೆ ಸಮೀಪದ ಪೆರುಂಬಾವೂರಿನ ಪ್ಲೈವುಡ್ ಕಾರ್ಖಾನೆಗಳಲ್ಲಿ ದುಡಿಯುವವರು ಅಸ್ಸಾಮ್, ಬಂಗಾಳ, ಒಡಿಶಾಗಳವರು. ಕೇರಳದಲ್ಲಿರುವ ಹೊರರಾಜ್ಯದ ಕಾರ್ಮಿಕರು 25 ಲಕ್ಷದಷ್ಟೆಂದು 2013ರಲ್ಲಿಯೇ ಗುಲಾಟಿ ಹಣಕಾಸು ಸಂಸ್ಥೆಯ ಅಧ್ಯಯನವೊಂದು ಅಂದಾಜು ಮಾಡಿತ್ತು. ಅಂದರೆ ಹೊರದೇಶಕ್ಕೆ ಹೋದವರಷ್ಟೇ ಜನ ಒಳಕ್ಕೆ ಬಂದಿದ್ದರು. ಕೇರಳೀಯರು ಅವರನ್ನು ‘ಅತಿಥಿ ತೊಳಿಲಾಳಿ’ ಎನ್ನುತ್ತಾರೆ. ಅತಿಥಿಯೆಂದರೆ ಹೊರಡಬೇಕಾದವನು ಎಂಬ ಧ್ವನಿಯೂ ಅದರಲ್ಲಿದೆ. ದುಬಾಯಿಯಲ್ಲಿ ಮಲಯಾಳಿಗೆ ಸಿಕ್ಕ ಮರ್ಯಾದೆ ಇದಕ್ಕಿಂತ ಹೆಚ್ಚೇನೂ ಆಗಿರಲಿಲ್ಲ. 2020ರ ಮಾರ್ಚ್ 29ರಂದು ಕೋಟ್ಟಯಂ ಜಿಲ್ಲೆಯ ಪಾಯಿಪ್ಪಾಡಿನಲ್ಲಿ ಈ ಅತಿಥಿಗಳು ನಮ್ಮನ್ನು ಊರಿಗೆ ಕಳುಹಿಸಿ ಎಂದು ಸಾವಿರ ಸಂಖ್ಯೆಯಲ್ಲಿ ಬೀದಿಗಿಳಿದಾಗ, ಕುಸಿತದ ಹೊತ್ತಿನಲ್ಲಿ ಮನುಷ್ಯ ಮೊದಲು ನೆನೆಯುವುದು ಏನನ್ನು ಎಂಬುದು ಕಂಡಿತು.

ಹಾಗಾದರೆ ಆರ್ಥಿಕ ಕುಸಿತ ನಿಜವಾಗಿ ಪೂರ್ಣವಾದಾಗ ಏನಾಗುತ್ತದೆ? ತಿರುವನಂತಪುರಕ್ಕೆ ದೆಹಲಿಗಿಂತ ಬಹಳ ಹತ್ತಿರವಿರುವ ಶ್ರೀಲಂಕೆಯನ್ನು ನೋಡಬಹುದು. ಒಂದು ಕಾಲಕ್ಕೆ ಮಲಯಾಳಿಗಳು ಕೂಲಿಗಾಗಿ ಹೋಗುತ್ತಿದ್ದ ದ್ವೀಪವದು. 2022ರ ಏಪ್ರಿಲಿನಲ್ಲಿ ಅದು ಹೊರಸಾಲ ತೀರಿಸಲಾರೆನೆಂದು ಘೋಷಿಸಿತು. ಆ ವರ್ಷ ವಿದೇಶೀ ಉದ್ಯೋಗಕ್ಕೆಂದು ನೋಂದಾಯಿಸಿ ಹೊರಟವರು 3 ಲಕ್ಷಕ್ಕೂ ಹೆಚ್ಚು. ಮನೆಗೆಲಸಕ್ಕೆ ಕುವೈತಿಗೆ ಹೋದ ಹೆಂಗಸು ಕಳುಹಿಸಿದ ಡಾಲರು ದೇಶಕ್ಕೆ ಔಷಧ, ಇಂಧನ ತರಲು ನೆರವಾಯಿತು. ಅದೇ ಸಮಯದಲ್ಲಿ ಕುಟುಂಬಸಮೇತ ಹೊರಟ ತಜ್ಞ ವೈದ್ಯರು ಜಿಲ್ಲಾ ಆಸ್ಪತ್ರೆಗಳಲ್ಲಿ ಬರಿದಾದ ಕೋಣೆಗಳನ್ನು ಬಿಟ್ಟುಹೋದರು. ಇಬ್ಬರೂ ಹೋದವರೇ. ಇಬ್ಬರಿಗೂ ಹೋಗುವ ಹಕ್ಕಿತ್ತು. ವೈದ್ಯನನ್ನು ಕಾನೂನಿನಿಂದ ಕಟ್ಟಿಹಾಕಬೇಕೆಂದು ನಾನು ಹೇಳುತ್ತಿಲ್ಲ. ಆದರೆ ಉಳಿದವರ ನೆಲೆಯ ಮೇಲೆ ಎರಡರ ಪರಿಣಾಮ ಒಂದೇ ಎಂದು ಯಾರೂ ಹೇಳಲಾರರು.

ಈ ಹಿನ್ನೆಲೆಯಲ್ಲಿ ಕೇರಳದ ಇಂದಿನ ವಲಸೆಯನ್ನು ನೋಡಬೇಕು. ಹೊರದೇಶದಲ್ಲಿರುವ ಕೇರಳದ ವಿದ್ಯಾರ್ಥಿಗಳು 2018ರ ಸಮೀಕ್ಷೆಯಲ್ಲಿ ಸುಮಾರು 1.3 ಲಕ್ಷವಿದ್ದರು, 2023ರಲ್ಲಿ ಸುಮಾರು 2.5 ಲಕ್ಷ. ಎಂ. ಜಿ. ರಸ್ತೆಯಿಂದ ಹಿಡಿದು ಸಣ್ಣ ಪೇಟೆಗಳವರೆಗೆ ಇಂಗ್ಲೆಂಡ್, ಕೆನಡಾ, ಜರ್ಮನಿಗಳ ಬಾವುಟ ತೂಗಿಸಿಕೊಂಡ ಏಜೆಂಟರ ಫಲಕಗಳನ್ನು ಕಾಣಬಹುದು. ಹೋಗುವವರನ್ನು ದೂರುವಂತಿಲ್ಲ. 2023–24ರ ಕೇಂದ್ರ ಸರಕಾರದ ಸಮೀಕ್ಷೆಯಂತೆ ಕೇರಳದಲ್ಲಿ 15ರಿಂದ 29 ವಯಸ್ಸಿನವರ ನಿರುದ್ಯೋಗ ಶೇ. 30ರ ಹತ್ತಿರ, ಯುವತಿಯರಲ್ಲಿ ಇನ್ನೂ ಹೆಚ್ಚು. ಓದಿದ ಹೆಣ್ಣುಮಗಳಿಗೆ ಊರಿನ ಕಣ್ಗಾವಲಿನಿಂದ ಹೊರಗೆ ಉಸಿರಾಡುವ ಆಸೆಯಿರುವುದೂ ಸುಳ್ಳಲ್ಲ. ಆದರೆ ಈ ವಲಸೆಯಲ್ಲಿ ಹಣ ಹರಿಯುವ ದಿಕ್ಕು ತಿರುಗಿದೆ. ಗಲ್ಫಿಗೆ ಹೋದವನು ಸಾಲ ಮಾಡಿ ಹೋಗಿ ಸಂಬಳ ಕಳುಹಿಸಿದ. ಇಂದು ಶುಲ್ಕ, ಬಾಡಿಗೆ, ಬ್ಯಾಂಕಿನಲ್ಲಿ ತೋರಿಸಬೇಕಾದ ಠೇವಣಿ ಎಲ್ಲವೂ ಇಲ್ಲಿಂದ ಹೋಗುತ್ತದೆ. ಎಷ್ಟೋ ಸಲ ಅದಕ್ಕೆ ಅಡವಾಗುವುದು ತಂದೆ ಗಲ್ಫಿನಲ್ಲಿ ದುಡಿದು ಕಟ್ಟಿಸಿದ ಆ ಮನೆಯೇ. ತಂದೆಯ ವಲಸೆ ಗಳಿಸಿದ್ದನ್ನು ಮಗಳ ವಲಸೆಗೆ ತೆರುತ್ತಿದ್ದೇವೆ.

ಒಟ್ಟು ಲೆಕ್ಕ ಇದನ್ನು ಮರೆಮಾಡುತ್ತದೆ. 2023ರ ಸಮೀಕ್ಷೆಯಂತೆ ಕೇರಳಕ್ಕೆ ಬಂದ ಹಣ 2.16 ಲಕ್ಷ ಕೋಟಿ ರೂಪಾಯಿ. 2018ರಲ್ಲಿ ಅದು 85 ಸಾವಿರ ಕೋಟಿ. ಏರಿಕೆ ಬೆರಗು ಹುಟ್ಟಿಸುವಂಥದು. ಆದರೆ ಈ ಹಣವನ್ನು ಕಳುಹಿಸಿದವರು ದುಡಿಯಲು ಹೋದವರು, ಓದಲು ಹೋದವರಲ್ಲ. ಓದಲು ಹೋದವರ ದಾರಿ ಎಷ್ಟು ತೆಳುವಾದದ್ದೆಂಬುದು 2024ರ ಜನವರಿಯಲ್ಲಿ ಗೊತ್ತಾಯಿತು. ಆ ಒಂದೇ ತಿಂಗಳಿನಲ್ಲಿ ಇಂಗ್ಲೆಂಡು ಹೆಚ್ಚಿನ ವಿದ್ಯಾರ್ಥಿಗಳು ತಮ್ಮ ಮನೆಯವರನ್ನು ಕರೆತರದಂತೆ ಮಾಡಿತು, ಕೆನಡಾ ವಿದ್ಯಾರ್ಥಿಗಳ ಸಂಖ್ಯೆಗೆ ಮಿತಿ ಹೇರಿತು. ಸಾಲದ ಕಂತು ಮಾತ್ರ ಹಾಗೆಯೇ ಉಳಿಯಿತು. 1990ರಲ್ಲಿ ಬರಿಗೈಯಲ್ಲಿ ಮರಳಿದವನಿಗೆ ಒಂದು ಮನೆಯಿತ್ತು. ಮನೆಯನ್ನೇ ಅಡವಿಟ್ಟು ಹೋದವಳು ಬರಿಗೈಯಲ್ಲಿ ಮರಳಿದರೆ ಅವಳನ್ನು ಹಿಡಿದು ನಿಲ್ಲಿಸುವುದು ಏನು? ನನ್ನ ಆತಂಕ ಇದು. ಪತ್ತನಂತಿಟ್ಟ ಜಿಲ್ಲೆಯ ಜನಸಂಖ್ಯೆ 2001 ಮತ್ತು 2011ರ ಗಣತಿಗಳ ನಡುವೆ ಇಳಿಯಿತು. ರಾಜ್ಯದಲ್ಲಿ 11 ಲಕ್ಷಕ್ಕೂ ಹೆಚ್ಚು ಮನೆಗಳು ಖಾಲಿಯೆಂದು 2011ರ ಗಣತಿ ಎಣಿಸಿತು. ಮುದುಕರು ಕಾವಲಿರುವ, ಅಥವಾ ಅವರೂ ಇಲ್ಲದ, ಬೀಗ ಹಾಕಿದ ಮನೆಗಳವು. ಉಳಿಯುವವರೇ ಇಲ್ಲವಾದ ಮೇಲೆ ಮರಳುವ ಮಾತಿಗೆ ಅರ್ಥವೇನು?

ಆದ್ದರಿಂದ ಕೇಳುವ ವಿದ್ಯಾರ್ಥಿಗೆ ನಾನು ಹೋಗು ಎನ್ನುವುದಿಲ್ಲ, ಬೇಡ ಎನ್ನುವುದೂ ಇಲ್ಲ. ಯಾವುದನ್ನು ಅಡವಿಟ್ಟು ಹೋಗುತ್ತೀ ಎಂದು ಕೇಳುತ್ತೇನೆ. ನಿನ್ನ ದುಡಿಮೆಯನ್ನು ಅಡವಿಟ್ಟು ಹೋಗುವೆಯಾದರೆ ಹೋಗಬಹುದು; ಉಳಿದವರ ನೆಲವನ್ನು ಅಡವಿಟ್ಟು ಹೋಗಬೇಕಾದರೆ ಇನ್ನೊಂದು ವರ್ಷ ಕಾಯುವುದು ಲೇಸು. ಸರಕಾರಗಳಿಗೂ ಇದೇ ಮಾತು. ಹೊರಗಿನ ಹಣಕ್ಕಾಗಿ ಸಭೆ ಕೂಡಿಸುವಷ್ಟೇ ಉತ್ಸಾಹವನ್ನು ಉಳಿಯುವವನ ಕೆಲಸ, ಶಾಲೆ, ಆಸ್ಪತ್ರೆಗಳ ಮೇಲೆ ತೋರಿಸಬೇಕು. 1991ರಲ್ಲಿಯೂ 2020ರಲ್ಲಿಯೂ ಮರಳಿದವರ ಭಾರವನ್ನು ಹೊತ್ತದ್ದು ಅವೇ.

ಈ ವಿಚಾರ ಕನ್ನಡ ವಿಭಾಗದ ಸಂಪುಟದಲ್ಲಿ ಏಕೆ ಎಂದು ಕೇಳುವವರಿದ್ದರೆ ಅವರು ಕಾಸರಗೋಡಿನ ಕಡೆ ನೋಡಬೇಕು. 1956ರ ನವೆಂಬರ್ 1ರಂದು ಕೇರಳಕ್ಕೆ ಸೇರಿದ ಆ ನೆಲದ ಕನ್ನಡಿಗನಿಗೆ ತನ್ನ ರಾಜಧಾನಿ ರೈಲಿನಲ್ಲಿ ಒಂದು ಇಡೀ ರಾತ್ರಿಯ ದಾರಿ. ಮಂಗಳೂರಿನಿಂದ ದುಬಾಯಿಗೆ ವಿಮಾನದಲ್ಲಿ ನಾಲ್ಕು ಗಂಟೆ ಬೇಡ. 2010ರ ಮೇ 22ರಂದು ದುಬಾಯಿಯಿಂದ ಬಂದ ವಿಮಾನ ಮಂಗಳೂರಿನಲ್ಲಿ ಕೆಳಗುರುಳಿ 158 ಮಂದಿ ತೀರಿಕೊಂಡಾಗ ಸಾವಿನ ಸುದ್ದಿ ತಲುಪಿದ ಮನೆಗಳಲ್ಲಿ ಬಹಳಷ್ಟು ಕಾಸರಗೋಡು ಮತ್ತು ದಕ್ಷಿಣ ಕನ್ನಡದವು. ಮಲಯಾಳ, ತುಳು, ಬ್ಯಾರಿ, ಕೊಂಕಣಿ, ಕನ್ನಡ ಮನೆಗಳೆಲ್ಲ ಅದರಲ್ಲಿದ್ದುವು. ನಮ್ಮ ಸಾಹಿತ್ಯದಲ್ಲಿ ಮುಂಬಯಿ ವಲಸೆಗೆ ವ್ಯಾಸರಾಯ ಬಲ್ಲಾಳ, ಯಶವಂತ ಚಿತ್ತಾಲ, ಜಯಂತ ಕಾಯ್ಕಿಣಿಯವರಂಥ ಬರಹಗಾರರು ದೊರೆತರು. ಕರಾವಳಿಯ ಮುಸ್ಲಿಂ ಬದುಕನ್ನು ಸಾರಾ ಅಬೂಬಕರ್, ಬೊಳುವಾರು ಮಹಮದ್ ಕುಂಞಿ ಕನ್ನಡಕ್ಕೆ ತಂದರು. ಆದರೆ ಅರ್ಧ ಶತಮಾನ ಕರಾವಳಿಯ ಅನ್ನಕ್ಕೆ ದಾರಿಯಾದ ಗಲ್ಫಿಗೆ, ಮುಂಬಯಿಗೆ ದೊರೆತಷ್ಟು ಸ್ಥಾನ ನಮ್ಮಲ್ಲಿ ಇನ್ನೂ ದೊರೆತಿಲ್ಲ. ಮಣ್ಣಿಗೆ ಮರಳಿದ ರಾಮನನ್ನು ನಾವು ಕೊಂಡಾಡಿದೆವು. ಅವನು ದೂರವಿದ್ದಾಗ ಸರಸೋತಿ, ನಾಗವೇಣಿಯರು ಆ ಮನೆಯನ್ನು ಹೇಗೆ ಹಿಡಿದು ನಿಲ್ಲಿಸಿದರೆಂಬುದೇ ಕಾರಂತರ ಕಾದಂಬರಿಯ ಹೆಚ್ಚು ಭಾಗವೆಂಬುದು ನಮ್ಮ ವಿಮರ್ಶೆಗೆ ಅಷ್ಟಾಗಿ ಹೊಳೆಯಲಿಲ್ಲ.

ವಿಭಾಗಗಳು ಮಾಡಬಹುದಾದ ಒಂದು ಕೆಲಸವಿದೆ. ಮಂಜೇಶ್ವರದಿಂದ ಚಂದ್ರಗಿರಿಯವರೆಗಿನ ಮನೆಗಳಲ್ಲಿ 1970ರ ದಶಕದಿಂದೀಚಿನ ಗಲ್ಫ್ ಪತ್ರಗಳು, ಮಾತು ತುಂಬಿ ಕಳುಹಿಸುತ್ತಿದ್ದ ಕ್ಯಾಸೆಟ್ಟುಗಳು, ಬ್ಯಾಂಕು ಪುಸ್ತಕಗಳು, ಒಡವೆ ಅಡವಿಟ್ಟ ಚೀಟಿಗಳು ಇನ್ನೂ ಇವೆ. ಪತ್ರ ಬರೆದವರಲ್ಲಿ, ಓದಿಸಿಕೊಂಡವರಲ್ಲಿ ಹಲವರು ಇನ್ನೂ ಬದುಕಿದ್ದಾರೆ. ಕನ್ನಡ ಲಿಪಿಯಲ್ಲಿ ತುಳುವನ್ನೋ ಬ್ಯಾರಿಯನ್ನೋ ಬರೆದ ಆ ಪತ್ರಗಳು ಭಾಷಾಶಾಸ್ತ್ರದವರಿಗೂ ಬೇಕಾದ ಸಾಮಗ್ರಿ. ಜಾನಪದಕ್ಕೆಂದು ಪಾಡ್ದನ ಸಂಗ್ರಹಿಸಲು ಹೋಗುವ ಎಂ.ಎ. ವಿದ್ಯಾರ್ಥಿ ಅದೇ ಮನೆಯಲ್ಲಿ ಅಜ್ಜಿಯ ಪೆಟ್ಟಿಗೆಯನ್ನೂ ತೆರೆಸಬಹುದು. ಕ್ಯಾಸೆಟ್ಟಿನ ಪಟ್ಟಿ ಕರಾವಳಿಯ ತೇವಕ್ಕೆ ಬೂಷ್ಟು ಹಿಡಿಯುತ್ತದೆ. ಹೋಗುವುದಾದರೆ ಈ ಮಳೆಗಾಲಕ್ಕೆ ಮುಂಚೆಯೇ ಹೋಗಬೇಕು.